ಪ್ರೇಮಿಗಳು ಹೆಚ್ಚಾದ ಮಾತ್ರಕ್ಕೆ ರಹಸ್ಯ ಸೊರಗುವುದಿಲ್ಲ

ರಕ್ತಪಿಶಾಚಿಯಂಥವರ ಜೊತೆಗಿನ ಪ್ರೇಮವೂ ಕೊಲೆಯ ರಹಸ್ಯವೂ ಬೆರೆತ ಕಾದಂಬರಿಗಳ ಬಗ್ಗೆ ನೀವು ಬರೆದ ಲೇಖನದಲ್ಲಿ, ನಾಯಕಿಯ ಸುತ್ತ ಮೂರು-ನಾಲ್ಕು ಜನ ಪ್ರೇಮಿಗಳಿದ್ದರೆ ಪತ್ತೇದಾರಿ ಭಾಗ ಸೊರಗುತ್ತದೆ ಎಂದು ಹೇಳಿದ್ದೀರಿ. ನಾನು ಒಪ್ಪುವುದಿಲ್ಲ. ಇಂಥ ಕಥೆಯಲ್ಲಿ ಪ್ರೀತಿಸುವವನೇ ಅನುಮಾನಕ್ಕೂ ಗುರಿಯಾಗಬಹುದು. ಅದೇ ಅಲ್ವಾ ಮಜಾ?

ಷಾರ್ಲೇನ್ ಹ್ಯಾರಿಸ್ ಅವರ ಸೂಕಿ ಸ್ಟ್ಯಾಕ್‌ಹೌಸ್ ಸರಣಿ ನೋಡಿ. 2001ರಿಂದ 2013ರವರೆಗೆ 13 ಕಾದಂಬರಿಗಳು ಬಂದವು. ನಾಯಕಿ ಸೂಕಿಗೆ ಸುತ್ತಲಿನವರ ಮನಸ್ಸಿನ ಮಾತು ಕೇಳಿಸುತ್ತದೆ. ಇಡೀ ದಿನ ಆ ಗದ್ದಲ ಕೇಳಿ ಅವಳಿಗೆ ಸಾಕಾಗಿರುತ್ತದೆ. ರಕ್ತಪಿಶಾಚಿಗಳ ಮನಸ್ಸು ಮಾತ್ರ ಕೇಳಿಸುವುದಿಲ್ಲ. ರಕ್ತಪಿಶಾಚಿಯಾದ ಅವಳ ಪ್ರೇಮಿ ಬಿಲ್ ಹತ್ತಿರ ಅವಳಿಗೆ ನೆಮ್ಮದಿ ಸಿಗುವುದು ಅದಕ್ಕೇ. ಆದರೆ ಅವನು ಏನು ಮುಚ್ಚಿಡುತ್ತಿದ್ದಾನೆ ಎಂಬುದೂ ಅದೇ ಕಾರಣಕ್ಕೆ ತಿಳಿಯುವುದಿಲ್ಲ. ಪ್ರೀತಿ ಮತ್ತು ರಹಸ್ಯ ಎರಡಕ್ಕೂ ಬೇರು ಒಂದೇ. ಎಷ್ಟು ಚಂದದ ಹೆಣಿಗೆ!

ಆಮೇಲೆ ಎರಿಕ್, ಆಲ್ಸೀಡ್, ಕ್ವಿನ್ ಎಂಬ ಬೇರೆ ಪ್ರೇಮಿಗಳೂ ಬರುತ್ತಾರೆ. ಎರಿಕ್ ಕೂಡ ರಕ್ತಪಿಶಾಚಿ, ಆಲ್ಸೀಡ್ ತೋಳವಾಗಬಲ್ಲವನು, ಕ್ವಿನ್ ಹುಲಿಯಾಗಬಲ್ಲವನು. ಅವರ ಜೊತೆ ಅವರ ಬಳಗ, ಕಟ್ಟಳೆ, ಹಳೇ ಜಗಳ ಎಲ್ಲವೂ ಕಥೆಯೊಳಗೆ ಬರುತ್ತವೆ. ಕೊಲೆಗಾರ ಯಾರಿರಬಹುದು ಎಂಬ ಪ್ರಶ್ನೆಗೆ ಹೊಸ ಹೊಸ ದಾರಿ ತೆರೆಯುತ್ತದೆ. ಒಬ್ಬನೇ ಪ್ರೇಮಿ ಇದ್ದಿದ್ದರೆ ಇಷ್ಟು ದೊಡ್ಡ ಲೋಕ ಕಾಣುತ್ತಿತ್ತಾ?

ನಿಮ್ಮ ಒಂದು ಮಾತು ಮಾತ್ರ ನಿಜ. ಕೆಲವು ಕಾದಂಬರಿಗಳಲ್ಲಿ ಎರಡನೆಯವನನ್ನು ಸುಮ್ನೆ ಹೊಟ್ಟೆಕಿಚ್ಚು ಹುಟ್ಟಿಸಲು ತಂದಿರುತ್ತಾರೆ. ಸುಳಿವು ಹುಡುಕುವ ಕೆಲಸದಲ್ಲಿ ಅವನ ಪಾಲು ಏನೂ ಇರುವುದಿಲ್ಲ. ನನಗೂ ಅಂಥವು ಜಾಸ್ತಿ ಹಿಡಿಸುವುದಿಲ್ಲ. ಆ ತಪ್ಪನ್ನು ಇಡೀ ಪ್ರಕಾರದ ಮೇಲೆ ಹೊರಿಸಬೇಡಿ.