ಗಾಯಕ್ಕೂ ಸಾಕ್ಷಿ ಕೇಳಿದ ಕಾನೂನು

ಯುದ್ಧದಲ್ಲಿ ಅಂಗ ಕಳೆದುಕೊಂಡ ಸೈನಿಕರನ್ನು ಯುರೋಪಿನ ಅರಸರು ಹೇಗೆ ನೋಡಿಕೊಂಡರು ಎಂಬ ಮಾತು ಬಂದಾಗಲೆಲ್ಲ ಪ್ಯಾರಿಸ್‌ನಲ್ಲಿ ಗಾಯಾಳು ಸೈನಿಕರಿಗೆಂದು ಕಟ್ಟಿದ ಇನ್ವಾಲಿಡ್ ಭವನವನ್ನೇ ಮೊದಲು ಹೆಸರಿಸುತ್ತಾರೆ. ಹದಿನಾಲ್ಕನೆಯ ಲೂಯಿ 1670ರಲ್ಲಿ ಅದನ್ನು ಕಟ್ಟಿಸಲು ಆಜ್ಞೆ ಹೊರಡಿಸಿದ್ದು ದೊಡ್ಡ ಕೆಲಸವೇ. ಆದರೆ ಅದಕ್ಕೂ 77 ವರ್ಷ ಮೊದಲು, 1593ರಲ್ಲಿ, ಇಂಗ್ಲೆಂಡಿನ ಪಾರ್ಲಿಮೆಂಟು ಮಾಡಿದ ಒಂದು ಕಾನೂನು ನನ್ನನ್ನು ಹೆಚ್ಚು ಕಾಡುತ್ತದೆ.

ಒಂದನೆಯ ಎಲಿಜಬೆತ್ ರಾಣಿಯ ಕಾಲದ ಆ ಕಾನೂನಿನಂತೆ ಪ್ರತಿಯೊಂದು ಪ್ಯಾರಿಷ್, ಅಂದರೆ ಒಂದು ಚರ್ಚಿಗೆ ಸೇರಿದ ಊರು, ವಾರಕ್ಕಿಷ್ಟು ಎಂದು ತೆರಿಗೆ ಕಟ್ಟಬೇಕಿತ್ತು. ಆ ಹಣದಿಂದ ಕೌಂಟಿಯ (ಜಿಲ್ಲೆಯ) ಖಜಾಂಚಿ ಗಾಯಾಳು ಸೈನಿಕರಿಗೂ ನಾವಿಕರಿಗೂ ಪಿಂಚಣಿ ಕೊಡುತ್ತಿದ್ದ. ಸಾಮಾನ್ಯ ಸೈನಿಕನಿಗೆ ವರ್ಷಕ್ಕೆ ಹೆಚ್ಚೆಂದರೆ 10 ಪೌಂಡ್, ಲೆಫ್ಟಿನೆಂಟನಿಗೆ 20. ಇಬ್ಬರ ಕಾಲೂ ಒಂದೇ ಗುಂಡಿಗೆ ಹೋಗಿದ್ದರೂ ಲೆಕ್ಕ ಮಾತ್ರ ಹುದ್ದೆಯದು. ಇದಕ್ಕಿಂತ ನೋವಿನ ಸಂಗತಿಯೆಂದರೆ, ಕತ್ತರಿಸಿಹೋದ ಕೈಯನ್ನು ತೋರಿಸಿದರೆ ಸಾಲುತ್ತಿರಲಿಲ್ಲ, ತಾನು ಎಲ್ಲಿ, ಯಾರ ಕೈಕೆಳಗೆ ಹೋರಾಡಿ ಗಾಯಗೊಂಡೆ ಎಂಬುದಕ್ಕೆ ಸೇನಾಧಿಕಾರಿಯ ಪ್ರಮಾಣಪತ್ರ ತರಬೇಕಿತ್ತು. ಪಿಂಚಣಿ ಪಡೆಯುವವನು ಭಿಕ್ಷೆ ಬೇಡುತ್ತ ಸಿಕ್ಕಿಬಿದ್ದರೆ ಪಿಂಚಣಿಯನ್ನು ಕಳೆದುಕೊಂಡು, ಅಲೆಮಾರಿ ಪುಂಡನೆಂಬ ಶಿಕ್ಷೆಗೂ ಗುರಿಯಾಗುತ್ತಿದ್ದ.

ನಾವಿಕರ ಕಥೆ ಇನ್ನೊಂದು ಬಗೆಯದು. ಚಾಟಮ್ ಪೆಟ್ಟಿಗೆ ಎಂಬ ನಿಧಿಗೆ ಪ್ರತಿ ನಾವಿಕನ ಸಂಬಳದಿಂದ ತಿಂಗಳಿಗೆ ಆರು ಪೆನ್ಸ್ ಮುರಿದುಕೊಳ್ಳುತ್ತಿದ್ದರು, ಅಂದರೆ ಗಾಯಾಳುವನ್ನು ಸಾಕುತ್ತಿದ್ದದ್ದು ನಾಳೆ ಗಾಯಗೊಳ್ಳಬಹುದಾದವರ ಕೂಲಿಯೇ.

ಹೀಗಿದ್ದರೂ ನಾನು 1593ರ ಕಾನೂನನ್ನು ಗೌರವಿಸುತ್ತೇನೆ. ಸೈನಿಕನ ಗಾಯ ದಾನಿಗಳ ಕರುಣೆಗೆ ಬಿಟ್ಟ ವಿಷಯವಲ್ಲ, ಊರೂರು ಹೊರಬೇಕಾದ ಋಣ ಎಂದು ಅದು ಬರೆದಿಟ್ಟಿತು. 1642ರಲ್ಲಿ ಅರಸನಿಗೂ ಪಾರ್ಲಿಮೆಂಟಿಗೂ ನಡುವೆ ಅಂತರ್ಯುದ್ಧ ಹೊತ್ತಿಕೊಂಡಾಗ ಪಾರ್ಲಿಮೆಂಟು ಅದೇ ದಾರಿಯಲ್ಲಿ ಮುಂದುವರಿದು, ತನ್ನ ಗಾಯಾಳುಗಳ ಜೊತೆಗೆ ಸತ್ತವರ ಹೆಂಡತಿ ಮಕ್ಕಳ ಹೊಣೆಯನ್ನೂ ಒಪ್ಪಿಕೊಂಡಿತು. ಲಂಡನ್ನಿನ ಸವಾಯ್ ಆಸ್ಪತ್ರೆಯಲ್ಲಿ ಸೈನಿಕರ ವಿಧವೆಯರೇ ದಾದಿಯರಾಗಿ ದುಡಿದರು.

ಆದರೆ 1660ರಲ್ಲಿ, ಆ ಯುದ್ಧದಲ್ಲಿ ಸೋತ ಅರಸನ ಮಗ ಎರಡನೆಯ ಚಾರ್ಲ್ಸ್ ಸಿಂಹಾಸನಕ್ಕೆ ಬಂದ ಮೇಲೆ ಪಾರ್ಲಿಮೆಂಟಿನ ಪರ ಹೋರಾಡಿದವರ ಪಿಂಚಣಿ ನಿಂತುಹೋಯಿತು, 1662ರ ಹೊಸ ಕಾನೂನು ಅರಸನ ಪಕ್ಷದ ಗಾಯಾಳುಗಳಿಗೆ ಮಾತ್ರ ನೆರವು ಕೊಟ್ಟಿತು. ಅಂತರ್ಯುದ್ಧದ ನೇಸ್ಬಿ ಕಾಳಗದಲ್ಲಿ ಎದುರುಬದುರು ನಿಂತು ಕುಂಟರಾದ ಇಬ್ಬರಲ್ಲಿ ಯಾರು ಉಣ್ಣಬೇಕು, ಯಾರು ಉಪವಾಸ ಬೀಳಬೇಕು ಎಂಬುದನ್ನು ಪಟ್ಟದ ಮೇಲೆ ಕುಳಿತವರು ತೀರ್ಮಾನಿಸಿದರು. ಇದನ್ನು ನಾನು ಅನ್ಯಾಯವೆಂದೇ ಕರೆಯುತ್ತೇನೆ. ಎರಡೂ ಪಕ್ಷದವರು ನ್ಯಾಯಾಧೀಶರಿಗೆ ಬರೆಸಿಕೊಟ್ಟ ಅರ್ಜಿಗಳು ಇಂಗ್ಲೆಂಡಿನ ಕೌಂಟಿ ದಾಖಲೆಗಳಲ್ಲಿ ಇಂದಿಗೂ ಉಳಿದಿವೆ. ಬೇಡಿಕೆ ಎರಡು ಕಡೆಯದೂ ಒಂದೇ: ಗಾಯದಿಂದಾಗಿ ದುಡಿಯಲಾರೆ, ಹೊಟ್ಟೆಪಾಡಿಗೆ ಏನಾದರೂ ಕೊಡಿಸಿ.