ಕ್ಯಾಂಪಿನ ಮನೆಗಳಿಗೆ ಒಂದು ವಾರದ ಟೀವಿ

ಬೆಳಗಾವಿಯ ಕ್ಯಾಂಪಿನ, ಅಂದರೆ ದಂಡು ಪ್ರದೇಶದ, ಕ್ವಾರ್ಟರ್ಸ್‌ಗಳಲ್ಲಿ, ಸಾಂಬ್ರಾದ ವಾಯುಪಡೆ ನೆಲೆಯಲ್ಲಿ, ಗಣೇಶಪುರ ಮತ್ತು ಹಿಂಡಲಗಾ ಕಡೆ ಮನೆ ಕಟ್ಟಿಕೊಂಡಿರುವ ನಿವೃತ್ತ ಸೈನಿಕರ ಓಣಿಗಳಲ್ಲಿ ದೀಪ ಹಚ್ಚುವ ಹೊತ್ತಿಗೆ ಟೀವಿಯನ್ನೂ ಹಚ್ಚುತ್ತಾರೆ. ಆದರೆ ಈ ಊರಿನ ಈ ಮನೆಗಳಿಗೆಂದೇ ಯೋಚಿಸಿ ಮಾಡಿದ ಒಂದು ತಾಸಿನ ಕಾರ್ಯಕ್ರಮವೂ ವಾರದ ಏಳು ದಿನಗಳಲ್ಲಿ ನಮಗೆ ಸಿಗುವುದಿಲ್ಲ. ಇದು ಸಣ್ಣ ಕೊರತೆಯೆಂದು ನಾನು ಒಪ್ಪುವುದಿಲ್ಲ. ಸೈನಿಕನ ಹೆಂಡತಿಯಾಗಿ ಹಲವು ಊರುಗಳ ಕ್ವಾರ್ಟರ್ಸ್‌ಗಳಲ್ಲಿ ಬಾಳುವೆ ಮಾಡಿ, ಯಜಮಾನರು ನಿವೃತ್ತರಾದ ಮೇಲೆ ಇಲ್ಲಿ ನೆಲೆ ನಿಂತವಳಾಗಿ, ದಂಡಿನ ಮನೆಗಳ ಟೀವಿ ಹೇಗಿರಬೇಕು ಎಂಬುದರ ಬಗ್ಗೆ ನನಗೆ ಅನ್ನಿಸಿದ್ದನ್ನು ವಿವರವಾಗಿ ಬರೆಯುತ್ತಿದ್ದೇನೆ.

ಬೆಳಗಾವಿಯ ದಂಡು ಪ್ರದೇಶ 1832ರಷ್ಟು ಹಳೆಯದು. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ 1922ರಿಂದ ಇಲ್ಲಿದೆ. ಕಮಾಂಡೊ ತರಬೇತಿಗೆ ದೇಶದ ಎಲ್ಲ ಮೂಲೆಗಳಿಂದ ಯೋಧರು ಬರುತ್ತಾರೆ, ಸಾಂಬ್ರಾದಲ್ಲಿ ವಾಯುಪಡೆಯ ಹೊಸ ಹುಡುಗರು ತರಬೇತಿ ಪಡೆಯುತ್ತಾರೆ, 2022ರ ನಂತರ ಅಗ್ನಿವೀರರ ತಂಡಗಳೂ ಸೇರಿಕೊಂಡಿವೆ. ಹೀಗಾಗಿ ಒಂದೇ ಸಾಲಿನ ಕ್ವಾರ್ಟರ್ಸ್‌ನಲ್ಲಿ ಸತಾರಾದ ಮನೆ, ಗೋಕಾಕದ ಮನೆ, ಪಂಜಾಬದ ಮನೆ, ಅಸ್ಸಾಮಿನ ಮನೆ ಒಂದಕ್ಕೊಂದು ಹತ್ತಿರುತ್ತವೆ. ಕೆಲವು ಮನೆಗಳಲ್ಲಿ ಯಜಮಾನ ಗಡಿಯಲ್ಲಿದ್ದು, ಹೆಂಡತಿ ಮಕ್ಕಳಷ್ಟೇ ಇರುತ್ತಾರೆ. ಇಂಥ ಜನರ ದಿನಚರಿ ಪೇಟೆಯ ದಿನಚರಿಯಂತೆ ಇರುವುದಿಲ್ಲ. ನಸುಕಿನ ಪಿಟಿ, ಪರೇಡ್, ಸಂಜೆಯ ಆಟ, ರೋಲ್‌ಕಾಲ್, ಗಾರ್ಡ್ ಡ್ಯೂಟಿ ಇವೆಲ್ಲ ಮುಗಿದ ಮೇಲೆ ಉಳಿಯುವ ಸ್ವಲ್ಪ ಹೊತ್ತಿನಲ್ಲಿ ಅವರು ಏನು ನೋಡುತ್ತಾರೆ ಎಂಬುದನ್ನು ಮುಂಬೈಯ ಅಥವಾ ಬೆಂಗಳೂರಿನ ಟಿಆರ್‌ಪಿ ಲೆಕ್ಕ ತೀರ್ಮಾನಿಸಬಾರದು.

ಬೇರೆ ದೇಶಗಳು ಇದನ್ನು ಬಹಳ ಹಿಂದೆಯೇ ಗಂಭೀರವಾಗಿ ತೆಗೆದುಕೊಂಡಿವೆ. ಅಮೆರಿಕ 1942ರಲ್ಲಿಯೇ ತನ್ನ ಸೈನಿಕರಿಗಾಗಿ ರೇಡಿಯೊ ಸೇವೆ ಕಟ್ಟಿತು. ಅದರ ಮೊದಲ ಟೀವಿ ಕೇಂದ್ರ 1953ರಲ್ಲಿ ಶುರುವಾದದ್ದು ಹೊರದೇಶದ ಯಾವುದೋ ರಣರಂಗದಲ್ಲಲ್ಲ, ಅಮೆರಿಕದ್ದೇ ಮೇನ್ ರಾಜ್ಯದ ಲೈಮ್‌ಸ್ಟೋನ್ ವಾಯುನೆಲೆಯಲ್ಲಿ. ಹಿಮ ಬೀಳುವ, ದೊಡ್ಡ ಊರುಗಳಿಂದ ದೂರವಿದ್ದ ಆ ಜಾಗದಲ್ಲಿ ಕುಟುಂಬಗಳ ಒಂಟಿತನವೇ ದೊಡ್ಡ ಸಮಸ್ಯೆಯಾಗಿತ್ತು. ಇಂದಿನ ಅಮೆರಿಕನ್ ಫೋರ್ಸಸ್ ನೆಟ್‌ವರ್ಕ್‌ನಲ್ಲಿ ಸುದ್ದಿಗೆ, ಆಟಕ್ಕೆ, ಸಿನಿಮಾಕ್ಕೆ, ಕುಟುಂಬಕ್ಕೆ ಬೇರೆ ಬೇರೆ ವಾಹಿನಿಗಳಿವೆ. ಅವುಗಳ ವಾರದ ಪಟ್ಟಿಯನ್ನು ಯುರೋಪಿನ ಗಡಿಯಾರಕ್ಕೆ ಬೇರೆ, ಜಪಾನ್–ಕೊರಿಯಾದ ಗಡಿಯಾರಕ್ಕೆ ಬೇರೆ ಎಂದು ಹೊಂದಿಸುತ್ತಾರೆ. ಅಮೆರಿಕದಲ್ಲಿ ಭಾನುವಾರ ಸಂಜೆ ನಡೆಯುವ ಅವರ ದೊಡ್ಡ ಫುಟ್‌ಬಾಲ್ ಪಂದ್ಯವನ್ನು ಕೊರಿಯಾದ ನೆಲೆಯಲ್ಲಿರುವವರು ಸೋಮವಾರ ಬೆಳಿಗ್ಗೆ ನಾಷ್ಟಾದ ಹೊತ್ತಿಗೆ ನೋಡುತ್ತಾರೆ.

ಆ ವ್ಯವಸ್ಥೆಯಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಜಾಹೀರಾತಿನ ವಿಷಯ. ಅಲ್ಲಿ ವ್ಯಾಪಾರದ ಜಾಹೀರಾತು ಹಾಕುವುದಿಲ್ಲ. ಆ ಜಾಗದಲ್ಲಿ ನೆಲೆಯ ಜೀವನಕ್ಕೆ ಬೇಕಾದ ಸಣ್ಣ ಸಣ್ಣ ಮಾಹಿತಿ ಬರುತ್ತದೆ: ಮತದಾನದ ಅರ್ಜಿ ಹೇಗೆ ತುಂಬಬೇಕು, ಮನಸ್ಸು ಕುಗ್ಗಿದವರು ಯಾರನ್ನು ಕಾಣಬೇಕು, ಬಿರುಗಾಳಿ ಬಂದರೆ ಏನು ಮಾಡಬೇಕು. ಸಾಲದ ಜಾಹೀರಾತು, ಆನ್‌ಲೈನ್ ಆಟಗಳ ಆಮಿಷ ಇವನ್ನು ಮೊದಲ ಸಂಬಳ ಕೈಗೆ ಬಂದ ಹುಡುಗನ ಕಣ್ಣಮುಂದೆ ದಿನವಿಡೀ ಕುಣಿಸುವುದು ಎಷ್ಟು ಕೆಟ್ಟದ್ದೆಂದು ಸೈನಿಕರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಬ್ರಿಟಿಷರ ಸೈನಿಕ ಪ್ರಸಾರ ಸೇವೆಯಂತೂ 1975ರಲ್ಲಿ ಜರ್ಮನಿಯ ಸೆಲೆ ಎಂಬ ಊರಿನ ಬ್ಯಾರಕ್‌ನಲ್ಲಿ ಟೀವಿ ಶುರು ಮಾಡಿದಾಗ, ಲಂಡನ್ನಿನಲ್ಲಿ ಮುದ್ರಿಸಿದ ಟೇಪುಗಳನ್ನು ವಿಮಾನದಲ್ಲಿ ತರಿಸಿಕೊಳ್ಳುತ್ತಿತ್ತು. ಊರಿನ ಕಾರ್ಯಕ್ರಮ ಊರಿನ ಹುಡುಗನಿಗೆ ತಲುಪಲೇಬೇಕೆಂಬ ಹಟ ಇದ್ದರೆ ಮಾತ್ರ ಅಷ್ಟು ಖಟಪಟಿ ಮಾಡುತ್ತಾರೆ.

ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಐಸ್‌ಲ್ಯಾಂಡಿನ ಕೆಫ್ಲಾವಿಕ್‌ನಲ್ಲಿದ್ದ ಅಮೆರಿಕದ ನೆಲೆಯಲ್ಲಿ 1955ರಿಂದ ಟೀವಿ ಪ್ರಸಾರವಿತ್ತು. ಆ ದೇಶಕ್ಕೆ ಆಗಿನ್ನೂ ತನ್ನದೇ ಆದ ಟೀವಿ ಇರಲಿಲ್ಲ. ನೆಲೆಯ ಪ್ರಸಾರ ಬೇಲಿ ದಾಟಿ ರಾಜಧಾನಿಯ ಮನೆಗಳಿಗೂ ತಲುಪಿದಾಗ, ತಮ್ಮ ಮಕ್ಕಳು ತಮ್ಮ ಭಾಷೆಯ ಒಂದು ಮಾತೂ ಇಲ್ಲದ ಟೀವಿ ನೋಡಿ ಬೆಳೆಯುತ್ತಾರೆಂದು ಅಲ್ಲಿನ 60 ಮಂದಿ ಗಣ್ಯರು 1964ರಲ್ಲಿ ಸಂಸತ್ತಿಗೆ ಮನವಿ ಕೊಟ್ಟರು. 1966ರಲ್ಲಿ ಅವರ ಸ್ವಂತ ಟೀವಿ ಆರಂಭವಾಯಿತು, 1974ರಲ್ಲಿ ನೆಲೆಯ ಪ್ರಸಾರವನ್ನು ಬೇಲಿಯೊಳಕ್ಕೆ ಸೀಮಿತಗೊಳಿಸಿದರು. ನಮ್ಮ ಬೆಳಗಾವಿಯಲ್ಲಿ ಇದರ ತಿರುವುಮುರುವು ನಡೆದಿದೆ ಎಂಬುದು ನನ್ನ ಸಂಕಟ. ಇಲ್ಲಿ ಊರಿನ ಮಾತು, ಊರಿನ ಹಾಡು, ಊರಿನ ಸುದ್ದಿ ಬೇಲಿ ದಾಟಿ ಒಳಗೆ ಹೋಗುವುದೇ ಇಲ್ಲ. ಪಂಜಾಬದಿಂದ ವರ್ಗವಾಗಿ ಬಂದ ಹೆಣ್ಣುಮಗಳು ಇಲ್ಲಿದ್ದಷ್ಟು ಕಾಲವೂ ತನ್ನ ಮೊಬೈಲಿನಲ್ಲಿ ತನ್ನೂರಿನ ವಾಹಿನಿ ನೋಡಿ, ಕನ್ನಡದಲ್ಲಿ ಬಾಳೆಹಣ್ಣಿನ ದರವನ್ನೂ ಕೇಳಲು ಬಾರದೆ ಮುಂದಿನ ಊರಿಗೆ ಹೊರಟುಹೋಗುತ್ತಾಳೆ. ಅದು ಅವಳ ತಪ್ಪಲ್ಲ, ಅವಳನ್ನು ಕರೆದು ಕೂಡಿಸಿ ಈ ಊರನ್ನು ತೋರಿಸುವ ಕೆಲಸವನ್ನು ನಾವು ಮಾಡಿಲ್ಲ.

ನಮ್ಮ ಭಾಗಕ್ಕೆ ಟೀವಿ ಬಂದದ್ದೇ ಒಂದು ಉದ್ದೇಶ ಹೊತ್ತು. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ 2,400 ಹಳ್ಳಿಗಳಿಗೆ ಟೀವಿ ಕೊಟ್ಟಾಗ ಕರ್ನಾಟಕದಿಂದ ಆರಿಸಿದ ಜಿಲ್ಲೆಗಳು ಬಿಜಾಪುರ, ಗುಲಬರ್ಗಾ ಮತ್ತು ರಾಯಚೂರು. ಇಂದಿನ ಬಾಗಲಕೋಟೆ ಜಿಲ್ಲೆಯೂ ಆಗ ಬಿಜಾಪುರದಲ್ಲೇ ಇತ್ತು. ಜಮಖಂಡಿ ಕಡೆಯ ನನ್ನ ತವರಿನಲ್ಲಿ ಹಿರಿಯರು ಅದನ್ನು ಇಂದಿಗೂ ನೆನೆಯುತ್ತಾರೆ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಒಕ್ಕಲುತನ ಮತ್ತು ಆರೋಗ್ಯದ ಬಗ್ಗೆ ದೊಡ್ಡವರಿಗೆ, ಅದೂ ಕನ್ನಡದಲ್ಲಿ. ನೋಡುವವರು ಯಾರು, ಅವರಿಗೆ ಬಿಡುವು ಯಾವಾಗ, ಅವರಿಗೆ ಬೇಕಾದದ್ದು ಏನು ಎಂಬ ಮೂರು ಪ್ರಶ್ನೆಗಳಿಂದ ಆ ಪಟ್ಟಿ ಹುಟ್ಟಿತ್ತು. ಹೊಲದಲ್ಲಿ ದುಡಿಯುವವರಿಗೆ ಅಂದು ತೋರಿದ ಆ ಕಾಳಜಿಯನ್ನು ಗಡಿಯಲ್ಲಿ ದುಡಿಯುವವರ ಮನೆಗಳಿಗೆ ಇಂದು ತೋರಲು ಯಾವ ಅಡ್ಡಿಯೂ ಇಲ್ಲ.

ಅಡ್ಡಿಯಾಗುವುದು ಒಂದೇ, ಟೀವಿ ಎಂದರೆ ಮನರಂಜನೆ, ಅದು ಹೇಗಿದ್ದರೂ ನಡೆಯುತ್ತದೆ ಎಂಬ ಉದಾಸೀನ. ಅದು ಹೇಗಿದ್ದರೂ ನಡೆಯುವುದಿಲ್ಲ ಎಂಬುದನ್ನು 2025ರ ಮೇ ತಿಂಗಳಿನಲ್ಲಿ ನಾವು ಕಣ್ಣಾರೆ ಕಂಡೆವು. ಸೇನಾ ಕಾರ್ಯಾಚರಣೆಯ ನೇರಪ್ರಸಾರ ಬೇಡವೆಂದು ಕೇಂದ್ರ ಸರ್ಕಾರ ಏಪ್ರಿಲ್ 26ರಂದೇ ವಾಹಿನಿಗಳಿಗೆ ಸೂಚಿಸಿತ್ತು. ಆದರೂ ಆಪರೇಷನ್ ಸಿಂಧೂರ ಶುರುವಾದ ಮೇ 7ರ ನಂತರದ ರಾತ್ರಿಗಳಲ್ಲಿ ನಡೆಯದ ದಾಳಿಗಳನ್ನು ನಡೆದವೆಂದು ಕೂಗಿದರು, ತೆರೆಯ ಮೇಲೆ ಬೆಂಕಿಯ ಚಿತ್ರ ಹಾಕಿದರು, ಮೇಲಿಂದ ಸೈರನ್ ಸದ್ದು. ಕಾರ್ಯಕ್ರಮಗಳಲ್ಲಿ ಸೈರನ್ ಬಾರಿಸಬೇಡಿ, ನಿಜವಾದ ಸೈರನ್ ಕೂಗಿದಾಗ ಜನ ಅಲಕ್ಷ್ಯ ಮಾಡುತ್ತಾರೆ ಎಂದು ಗೃಹ ಸಚಿವಾಲಯದ ನಾಗರಿಕ ರಕ್ಷಣಾ ಇಲಾಖೆ ಮೇ 10ರಂದು ಹೇಳಬೇಕಾಯಿತು.

ಆ ದಿನಗಳಲ್ಲಿ ನಮ್ಮ ಪಕ್ಕದ ಮನೆಯ ಹುಡುಗಿ, ಗಂಡ ಜಮ್ಮುವಿನ ಕಡೆ ಇದ್ದವಳು, ರಾತ್ರಿ ಕೂಸನ್ನು ಸೊಂಟಕ್ಕೆ ಏರಿಸಿಕೊಂಡು ನಮ್ಮ ಮನೆಗೆ ಬಂದಳು. ನಮ್ಮ ಪಡಸಾಲೆಯಲ್ಲಿಯೂ ಅದೇ ವಾಹಿನಿ ಓಡುತ್ತಿತ್ತು. "ಅಕ್ಕಾರ, ಮೊದಲ ಅದನ್ನ ಬಂದ್ ಮಾಡ್ರಿ. ಅತ್ತಿ ಸಂಜಿಯಿಂದ ಊಟಾ ಮಾಡಿಲ್ರಿ, ಫೋನ್ ಹತ್ತವಲ್ದು, ಟೀವಿಯವ್ರು ಜಮ್ಮು ಜಮ್ಮು ಅಂತ ಒದರಾಕತ್ತಾರ" ಎಂದಳು. ಕೂಸು ಅವಳ ಮಂಗಳಸೂತ್ರವನ್ನು ಬಾಯಿಗೆ ಇಟ್ಟುಕೊಂಡು ತೆರೆಯ ಕೆಂಪು ಬೆಳಕನ್ನೇ ನೋಡುತ್ತಿತ್ತು. ನಮ್ಮ ಯಜಮಾನರು ಟೀವಿ ಬಂದ್ ಮಾಡಿ, ಫೀಲ್ಡಿನಲ್ಲಿ ಇರುವವರ ಫೋನು ಇಂಥ ಹೊತ್ತಿನಲ್ಲಿ ಹತ್ತದಿರುವುದು ಮಾಮೂಲು, ಅದರಿಂದ ಕೆಟ್ಟದ್ದನ್ನು ಎಣಿಸಬಾರದು ಎಂದು ತಿಳಿಹೇಳಿ, ಅವಳ ಅತ್ತೆಯವರನ್ನೂ ಕರೆಸಿ ಊಟ ಮಾಡಿಸಿದರು. ಆ ಒಂದು ಮಾತನ್ನು, ಅನುಭವವಿರುವ ಒಬ್ಬ ಸುಬೇದಾರರು ಸಮಾಧಾನದಿಂದ ಕನ್ನಡ, ಮರಾಠಿ, ಹಿಂದಿಯಲ್ಲಿ ಹೇಳುವುದನ್ನು ಆ ರಾತ್ರಿ ಇಡೀ ಕ್ಯಾಂಪು ಟೀವಿಯಲ್ಲಿ ಕೇಳುವಂತಿದ್ದರೆ ಎಷ್ಟು ಮನೆಗಳಲ್ಲಿ ಒಲೆ ಹೊತ್ತುತ್ತಿತ್ತು ಎಂದು ನಾನು ಈಗಲೂ ಯೋಚಿಸುತ್ತೇನೆ.

ಆದ್ದರಿಂದ ನನ್ನ ವಾರದಲ್ಲಿ ಮೊದಲ ಜಾಗ ಸುದ್ದಿಗೆ. ಪ್ರತಿದಿನ ಗೊತ್ತಾದ ಹೊತ್ತಿಗೆ ಹದಿನೈದು ನಿಮಿಷ, ಅಧಿಕೃತವಾಗಿ ಹೇಳಿದ್ದಷ್ಟೇ, ಚರ್ಚೆ ಬೇಡ, ಹಿನ್ನೆಲೆ ಸಂಗೀತ ಬೇಡ. ಭಯೋತ್ಪಾದನೆ ವಿರುದ್ಧದ ಕಾರ್ಯಾಚರಣೆ ನಡೆದಿರುವಾಗ ನಿಯುಕ್ತ ಅಧಿಕಾರಿ ಆಗಾಗ ಕೊಡುವ ವಿವರಣೆಯನ್ನಷ್ಟೇ ಪ್ರಸಾರ ಮಾಡಬೇಕೆಂದು 2021ರಲ್ಲಿ ತಿದ್ದಿದ ಕೇಬಲ್ ಟೀವಿ ನಿಯಮಗಳ 6(1)(ಪಿ) ಈಗಾಗಲೇ ಹೇಳುತ್ತದೆ. ಆ ನಿಯಮದ ಮನಸ್ಸನ್ನು ಎಲ್ಲ ದಿನಗಳಿಗೂ ಪಾಲಿಸಿದರೆ ಸಾಕು.

ಸೋಮವಾರ ಕೆಲಸದ ಮಾಹಿತಿ ಬರಲಿ. ಕ್ಯಾಂಟೀನ್ ಕಾರ್ಡು, ಮಿಲಿಟರಿ ಆಸ್ಪತ್ರೆಯ ಸಮಯ, ನಿವೃತ್ತ ಸೈನಿಕರ ಆರೋಗ್ಯ ಯೋಜನೆಯಾದ ಇಸಿಎಚ್‌ಎಸ್ ರೆಫರಲ್, ಸ್ಪರ್ಶ್ ಎಂಬ ಪಿಂಚಣಿ ಜಾಲತಾಣದಲ್ಲಿ ಪಿಂಚಣಿದಾರರ ಜೀವನ ಪ್ರಮಾಣಪತ್ರ, ಕೇಂದ್ರೀಯ ವಿದ್ಯಾಲಯದ ಪ್ರವೇಶ. ಕಂಪ್ಯೂಟರ್ ಅರಿಯದ ವಿಧವೆ ತಾಯಂದಿರು ಇವಕ್ಕಾಗಿ ಎಷ್ಟು ಅಲೆಯುತ್ತಾರೆ ಎಂಬುದನ್ನು ಗಣೇಶಪುರದಲ್ಲಿ ನಿತ್ಯ ನೋಡುತ್ತೇನೆ.

ಮಂಗಳವಾರ ಮತ್ತು ಬುಧವಾರ ಊರಿನ ದಿನಗಳು. ಪೇಟೆಯಲ್ಲಿ, ಬಸ್ಸಿನಲ್ಲಿ, ದವಾಖಾನೆಯಲ್ಲಿ ಬೇಕಾಗುವ ಕನ್ನಡವನ್ನು ಅರ್ಧ ತಾಸು ಕಲಿಸಬೇಕು. ನೆರೆಯವರೊಡನೆ ಬದುಕಲು ಬೇಕಾದ ಈ ಕನ್ನಡಕ್ಕೆ ಭಾಷೆಯ ಜಗಳವನ್ನು ತಂದು ಸೇರಿಸಬಾರದು, ಮರಾಠಿ ಕಾರ್ಯಕ್ರಮವೂ ಪಕ್ಕದಲ್ಲೇ ಇರಲಿ. ಕಲಿತ ಮೇಲೆ ಊರನ್ನು ತೋರಿಸಬೇಕು. ಬೆಳಗಾವಿ ಕೋಟೆಯೊಳಗೆ ರಟ್ಟರ ಕಾಲದ, 1204ರ ಕಮಲ ಬಸದಿ ಇದೆ. ಅದರ ಚಾವಣಿಯಿಂದ ಕಲ್ಲಿನ ಕಮಲ ಕೆಳಮುಖವಾಗಿ ಅರಳಿ ನಿಂತಿರುವುದನ್ನು ತಲೆಯೆತ್ತಿ ನೋಡದೆಯೇ ಆ ಕೋಟೆಯ ದಾರಿಯಲ್ಲಿ ಮಕ್ಕಳನ್ನು ಶಾಲೆಗೆ ಕಳಿಸುವ ಕುಟುಂಬಗಳಿವೆ. ಕಿತ್ತೂರು, ಗೋಕಾಕದ ಜಲಪಾತ, ಸವದತ್ತಿಯ ಯಲ್ಲಮ್ಮನ ಗುಡ್ಡ, ಬಾಗಲಕೋಟೆ ಕಡೆಯ ಶ್ರೀಕೃಷ್ಣ ಪಾರಿಜಾತದ ಆಟ, 1963ರಿಂದ ಎಷ್ಟೋ ಅಧಿಕಾರಿಗಳನ್ನು ತಯಾರಿಸಿದ ವಿಜಯಪುರದ ಸೈನಿಕ ಶಾಲೆ, ಇವುಗಳಲ್ಲಿ ಒಂದೊಂದಕ್ಕೂ ಒಂದು ಸಂಜೆ ಕೊಡಬಹುದು.

ಗುರುವಾರ ಆ ಹದಿನೈದು ನಿಮಿಷದ ಸುದ್ದಿ ಬಿಟ್ಟರೆ ಟೀವಿ ಇರಬಾರದು. ಇದನ್ನು ಹೇಳಿದಾಗ ನಮ್ಮ ಮಹಿಳಾ ಮಂಡಳದಲ್ಲಿ ಕೆಲವರು ಒಪ್ಪಲಿಲ್ಲ, ಆದರೂ ನಾನು ಈ ಮಾತಿನಿಂದ ಹಿಂದೆ ಸರಿಯುವುದಿಲ್ಲ. ಐಸ್‌ಲ್ಯಾಂಡಿನ ಸರ್ಕಾರಿ ಟೀವಿ 1987ರವರೆಗೂ ಗುರುವಾರ ಪ್ರಸಾರವನ್ನೇ ಮಾಡುತ್ತಿರಲಿಲ್ಲ, 1983ರವರೆಗೆ ಜುಲೈ ತಿಂಗಳಿಡೀ ರಜೆ ಕೊಡುತ್ತಿತ್ತು. ಬೇಲಿಯೊಳಗಿನ ಬದುಕಿನಲ್ಲಿ ಒಬ್ಬರ ಮನೆಗೆ ಒಬ್ಬರು ಹೋಗುವ ಒಂದು ಸಂಜೆಯನ್ನು ಬೇಕೆಂದೇ ಕಾದಿರಿಸಬೇಕು, ಇಲ್ಲವಾದರೆ ಹೊಸದಾಗಿ ಬಂದವಳು ತಿಂಗಳುಗಟ್ಟಲೆ ಬಾಗಿಲು ಹಾಕಿಕೊಂಡು ಇದ್ದುಬಿಡುತ್ತಾಳೆ.

ಶುಕ್ರವಾರ ಆಟಗಳು, ಶನಿವಾರ ಸಿನಿಮಾ. ಇದಕ್ಕೆ ನಮ್ಮ ಜನರಿಗೆ ಯಾರೂ ಕಲಿಸಿಕೊಡಬೇಕಿಲ್ಲ.

ಭಾನುವಾರದ ಬಗ್ಗೆ ನನಗೆ ಬಹಳ ಆಸೆ ಇದೆ. ವಿವಿಧ ಭಾರತಿಯ ಜಯಮಾಲಾ ಕಾರ್ಯಕ್ರಮದಲ್ಲಿ ಫೌಜಿಗಳು ಕೇಳಿದ ಹಾಡುಗಳನ್ನು ಅವರ ಹೆಸರು ಹೇಳಿ ಹಾಕುತ್ತಿದ್ದಾಗ, ಎಲ್ಲೋ ಹಿಮದ ಪೋಸ್ಟಿನಲ್ಲಿದ್ದವನ ಹೆಸರು ಊರಿನ ಕಟ್ಟೆಯ ಮೇಲೂ ಕೇಳಿಸುತ್ತಿತ್ತು. ಬ್ರಿಟನ್ನಿನಲ್ಲಿಯೂ ಯುದ್ಧದ ನಂತರ ಭಾನುವಾರದ ಮಧ್ಯಾಹ್ನ ಜರ್ಮನಿಯಲ್ಲಿದ್ದ ಸೈನಿಕರಿಗೂ ಮನೆಯವರಿಗೂ ಹಾಡಿನ ಮೂಲಕ ಸಂಬಂಧ ಬೆಸೆಯುವ ರೇಡಿಯೊ ಕಾರ್ಯಕ್ರಮ ಬಹಳ ವರ್ಷ ನಡೆಯಿತು. ಈಗ ವಿಡಿಯೊ ಕರೆ ಇದೆಯಲ್ಲ ಎನ್ನುವವರಿದ್ದಾರೆ. ವಿಡಿಯೊ ಕರೆ ಇಬ್ಬರ ನಡುವಿನ ಮಾತು. ತನ್ನ ಅಪ್ಪನ ಹೆಸರನ್ನು ಕ್ವಾರ್ಟರ್ಸ್‌ನ ಇಡೀ ಸಾಲು ಒಟ್ಟಿಗೆ ಕೇಳುತ್ತಿದೆ ಎಂಬ ಹೆಮ್ಮೆಯನ್ನು ಅದು ಮಗುವಿಗೆ ಕೊಡಲಾರದು. ಆದ್ದರಿಂದ ಭಾನುವಾರ ಸಂಜೆ ಏಳಕ್ಕೆ ಮಕ್ಕಳ ಹಾಡು, ಶಾಲೆಯ ಬಹುಮಾನ, ಹೊಸ ಕೂಸಿನ ತೊಟ್ಟಿಲು, ಅಜ್ಜಿಯ ಹರಕೆಯ ಮಾತು ಇವನ್ನು ಮುದ್ರಿಸಿ ಪ್ರಸಾರ ಮಾಡಬೇಕು. ಅದೇ ದೃಶ್ಯವನ್ನು ಮನೆಯವರು ದೂರದಲ್ಲಿರುವವರಿಗೆ ಕಳಿಸಲಿ. ದಕ್ಷಿಣ ಸುಡಾನಿನ ಶಾಂತಿಪಾಲನಾ ಪಡೆಯಲ್ಲಿರುವವರಿಗೆ ಆಗ ಮಧ್ಯಾಹ್ನ ಮೂರೂವರೆ, ನೋಡಲು ಸಂಜೆಯಿಡೀ ಉಳಿದಿರುತ್ತದೆ.

ಇದಕ್ಕೆ ದೊಡ್ಡ ವಾಹಿನಿ ಬೇಕಿಲ್ಲ. ಉತ್ತರಾಖಂಡದ ಜ್ಯೋತಿರ್ಮಠದಲ್ಲಿ ನಮ್ಮ ಸೇನೆಯೇ ಐಬೆಕ್ಸ್ ತರಾನಾ ಎಂಬ ಸಮುದಾಯ ರೇಡಿಯೊ ನಡೆಸುತ್ತಿದೆ. ಇಲ್ಲಿ ಸ್ಥಳೀಯ ಕೇಬಲ್‌ನವರ ಲೋಕಲ್ ಚಾನೆಲ್‌ನಲ್ಲಿ ಜಾಹೀರಾತಿಲ್ಲದ ಒಂದು ತಾಸನ್ನು ಕೇಳಬಹುದು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಚಿತ್ರೀಕರಣಕ್ಕೆ ಕೈಜೋಡಿಸಬಹುದು, ಸೇನೆಯ ಸಂಪರ್ಕ ವಿಭಾಗವಾದ ಸಿಗ್ನಲ್ಸ್‌ನಿಂದ ನಿವೃತ್ತರಾದವರು ನಮ್ಮ ಓಣಿಯಲ್ಲೇ ಇದ್ದಾರೆ. ಪ್ರಸಾರಕ್ಕೆ ಮುನ್ನ ಪ್ರತಿಯೊಂದು ದೃಶ್ಯವನ್ನೂ ಸೇನೆಯ ಅಧಿಕಾರಿಯೊಬ್ಬರು ನೋಡಿ ಒಪ್ಪಬೇಕು, ಯುನಿಟ್ಟಿನ ಜಾಗ, ಹೋಗಿಬರುವ ದಿನ ಎಲ್ಲಿಯೂ ಬಾಯಿತಪ್ಪಿಯೂ ಬರಬಾರದು. ಮೊದಲಿಗೆ ಭಾನುವಾರದ ಒಂದು ತಾಸು ನಡೆಯಲಿ, ಅದು ಕೈಗೂಡಿದ ಮೇಲೆ ಸೋಮವಾರದ ಮಾಹಿತಿ, ಆಮೇಲೆ ಕನ್ನಡದ ಪಾಠ.

ಸಂಬಂಧಪಟ್ಟ ಅಧಿಕಾರಿಗಳಿಗೆ ಮತ್ತು ಕೇಬಲ್‌ನವರಿಗೆ ಮಹಿಳಾ ಮಂಡಳದಿಂದ ಪತ್ರ ಬರೆಯುತ್ತಿದ್ದೇವೆ. ಅಕ್ಕತಂಗಿಯರು, ವೈನಿಯವರು ಸಹಿ ಮಾಡುವಾಗ ತಮ್ಮ ಮನೆಯಲ್ಲಿ ಎಲ್ಲರೂ ಕೂಡಿ ಕುಳಿತುಕೊಳ್ಳುವ ಹೊತ್ತು ಯಾವುದು, ಮನೆಯಲ್ಲಿ ಆಡುವ ಮಾತು ಯಾವುದು ಎಂಬುದನ್ನು ದಯವಿಟ್ಟು ಬರೆದುಕೊಡಿ. ಯಜಮಾನರು ಎಲ್ಲಿದ್ದಾರೆ, ಯಾವ ಯುನಿಟ್ಟಿನಲ್ಲಿದ್ದಾರೆ ಎಂಬುದನ್ನು ಬರೆಯಬೇಡಿ.