ಏರಿ ಹಿಂದಿನ ಹಸಿರು ಹುಲ್ಲು

ಪುಣೆಗೆ ಬಂದು 19 ವರ್ಷವಾಯಿತು. ಯುಗಾದಿಗೆ ಊರಿಗೆ ಹೋದರೆ ಮೊದಲು ಕೆರೆ ಏರಿ ಮೇಲೊಂದು ಸುತ್ತು ಹಾಕದೆ ನನಗೆ ಸಮಾಧಾನವಿಲ್ಲ. ಹೊಳಲ್ಕೆರೆ ತಾಲ್ಲೂಕಿನ ಪುಟ್ಟ ಕೆರೆ ನಮ್ಮದು. ಮಣ್ಣಿನ ಏರಿ, ನೀರು ಬಿಡಲು ಒಂದು ತೂಬು, ಹೆಚ್ಚಾದ ನೀರು ಹರಿದುಹೋಗಲು ಒಂದು ಕೋಡಿ. ಊರಿಗೆ ಕುಡಿಯುವ ನೀರು ಕೊಡುವ ಬೋರ್‌ವೆಲ್ ಜೀವ ಹಿಡಿದಿರುವುದೇ ಈ ಕೆರೆಯಿಂದ.

ಈ ಸಲ ಏರಿಯ ಹಿಂಬದಿ, ಒಣಹುಲ್ಲಿನ ನಡುವೆ ಚಾಪೆಯಗಲ ಜಾಗ ಮಾತ್ರ ಹಚ್ಚಗಿತ್ತು. ಹಿಂದೆ ಕೆರೆ ಕಾಯ್ದು ನೀರು ಹಂಚುವ ನೀರಗಂಟಿಯಾಗಿದ್ದ ನಮ್ಮ ಕೇರಿಯ ಅಜ್ಜ, "ಏರಿ ಸೋರ್ತೈತೆ ಕಣಪ್ಪ" ಅಂದರು. ಹೆಬ್ಬೆರಳಲ್ಲಿ ಮಣ್ಣು ಒತ್ತಿ, ಜಿನುಗಿದ ನೀರನ್ನು ಅಂಗೈಯಲ್ಲಿ ಹಿಡಿದು ನೋಡಿದರು. ನೀರು ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕೆಂಪಗೆ ಬಂದರೆ ಏರಿಯ ಮಣ್ಣೇ ಒಳಗಿಂದ ಕೊಚ್ಚಿ ಬರುತ್ತಿದೆ ಎಂದರ್ಥ. ಕಾರಣ ಕಣ್ಣೆದುರಿಗೇ ಇತ್ತು: ಏರಿಗೆ ಹೊದಿಸಿದ ಕಲ್ಲುಗಳನ್ನು ಸಡಿಲಿಸಿ ಇಳಿದ ಬಳ್ಳಾರಿ ಜಾಲಿಯ ಬೇರು, ತೋಳಿನಷ್ಟು ದಪ್ಪ. ಈಗ ಮರ ಕಡಿದರೂ ಬೇರು ಒಳಗೇ ಕೊಳೆತು ನೀರಿಗೆ ದಾರಿಯಾಗುತ್ತದೆ. ಸಸಿಯಿದ್ದಾಗಲೇ ಕೀಳಬೇಕಿತ್ತು. ನೀರಗಂಟಿ ಇದ್ದಾಗ ಕೀಳುತ್ತಿದ್ದರು.

ಮಹಾರಾಷ್ಟ್ರದ ಅಹಿಲ್ಯಾನಗರ (ಹಿಂದಿನ ಅಹ್ಮದ್‌ನಗರ) ಜಿಲ್ಲೆಯ ಹಿವರೆ ಬಜಾರ್ ಹಳ್ಳಿ ನೋಡಿ ಬಂದಾಗಿನಿಂದ ನನಗೆ ನಮ್ಮೂರಿನದೇ ಚಿಂತೆ. ಅಲ್ಲಿಯೂ ಮಳೆ ಕಡಿಮೆಯೇ. ಅವರು ಬಿದ್ದ ಮಳೆ ಅಳೆದು, ಗ್ರಾಮಸಭೆಯಲ್ಲಿ ಕೂತು, ಜನ-ಜಾನುವಾರುಗಳ ಪಾಲು ಮೊದಲು ತೆಗೆದಿಟ್ಟು, ಉಳಿದದ್ದಕ್ಕೆ ತಕ್ಕ ಬೆಳೆ ನಿರ್ಧರಿಸುತ್ತಾರೆ. ಬೇಸಾಯಕ್ಕೆ ಬೋರ್ ಕೊರೆಯುವಂತಿಲ್ಲ, ಕಬ್ಬು ಬೆಳೆಯುವಂತಿಲ್ಲ. ನಮ್ಮಲ್ಲಿ ನೀರಿನ ಮಾತು ಶುರುವಾಗುವುದೇ ಬೋರ್ ಬತ್ತಿ, ಅಡಿಕೆ ತೋಟಕ್ಕೆ ಟ್ಯಾಂಕರ್ ಬಂದ ಮೇಲೆ. ಬೆಳೆಗಾರರನ್ನು ದೂರುತ್ತಿಲ್ಲ, ನಮ್ಮಣ್ಣನದೂ ಎರಡು ಎಕರೆ ತೋಟವಿದೆ. ಆದರೆ ಲೆಕ್ಕವನ್ನು ಒಬ್ಬೊಬ್ಬರೇ ಹಾಕಿದರೆ ಕೆರೆ ಉಳಿಯುವುದಿಲ್ಲ.

ತುಂಗಭದ್ರೆಯ ನೀರು ಪೈಪಿನಲ್ಲಿ ಬಂದು ಭರಮಸಾಗರ, ಜಗಳೂರು ಕಡೆಯ ಕೆರೆಗಳು ತುಂಬಿದಾಗ ನನಗೂ ಕಣ್ಣು ತುಂಬಿತ್ತು. ಬಂದ ನೀರನ್ನು ಹಿಡಿದಿಡಲು ಏರಿ ಗಟ್ಟಿಯಿರಬೇಕಲ್ಲ! ಚನ್ನಗಿರಿಯ ಸೂಳೆಕೆರೆ ಶತಮಾನಗಳಿಂದ ನಿಂತಿದೆ, ಅದರದೂ ಮಣ್ಣಿನ ಏರಿಯೇ. ಸಿದ್ದನ ತೂಬು, ಬಸವನ ತೂಬು ಎಂದು ತೂಬಿಗೂ ಹೆಸರಿಟ್ಟು ಕರೆದ ಜನ ನಾವು.

ಮುಂದಿನ ಗ್ರಾಮಸಭೆಗೆ ರಜೆ ಹಾಕಿ ಬರುತ್ತೇನೆಂದು ಅಣ್ಣನಿಗೆ ಹೇಳಿದ್ದೇನೆ. ಕೇಳುವುದು ಎರಡೇ: ಊರಿಗೊಬ್ಬ ನೀರಗಂಟಿ, ಅವರಿಗೆ ತಿಂಗಳ ಸಂಬಳ; ತೂಬಿನ ಕಂಬದ ಮೇಲೆ ಎಲ್ಲರಿಗೂ ಕಾಣುವಂತೆ, ನೀರಿನ ಮಟ್ಟ ತೋರುವ ಅಡಿ ಲೆಕ್ಕದ ಗೆರೆಗಳು. ಬಣ್ಣದ ಖರ್ಚು ನನ್ನದು.